ಮಾವನ ಬಲಗಾಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ, ಅದು ಇದ್ದಲ್ಲೇ ಇರಲಿ. ನಮ್ಮ ಸೋದರಮಾವನಿಗೆ ಆದದ್ದನ್ನು ಕೇಳಿದ ಮೇಲೂ ಸಿಟ್ಟು ಬರದವರು ಯಾರಾದರೂ ಇದ್ದರೆ ಅಂಥವರ ಜೊತೆ ನನಗೆ ಮಾತು ಬೇಡ.

ಮಾವ ಡ್ರೈವರ್. ಅಮ್ಮನ ತಮ್ಮ. ನನಗೆ ಕಾರು ಓಡಿಸಲು ಕಲಿಸಿದವರು ಅವರೇ. ಮುಂದೆ ನಾನು ಕಾರುಗಳ ವೈರಿಂಗ್ ರಿಪೇರಿಯ ಅಂಗಡಿ ಇಟ್ಟಾಗ, ಹೆಣ್ಣುಮಗಳಿಗೆ ಈ ಉಸಾಬರಿ ಯಾಕೆ ಎಂದು ನೆಂಟರೆಲ್ಲ ಮೂಗು ಮುರಿದರು. ಮಾವ ಮಾತ್ರ ಒಂದು ಹಳೆಯ ಬ್ಯಾಟರಿ ಹೊತ್ತು ತಂದು ಬಾಗಿಲಲ್ಲಿಟ್ಟು, "ಮೊದಲನೇ ಗಿರಾಕಿ ನಾನೇ, ನೋಡು ಇದಕ್ಕೇನಾಗಿದೆ ಅಂತ" ಎಂದರು. ಆ ಬ್ಯಾಟರಿ ಯಾವ ಕಾಲದಲ್ಲೋ ಸತ್ತುಹೋಗಿತ್ತು. ಅದು ಅವರಿಗೂ ಗೊತ್ತಿತ್ತು.

ಮೀಸೆ ಚಿಗುರುವ ವಯಸ್ಸಿನಲ್ಲೇ ಅವರು ಗಾಜಿನ ಅಂಗಡಿಯ ಲಾರಿಗೆ ಸೇರಿದ್ದರು. ಆಳೆತ್ತರದ ಗಾಜುಗಳನ್ನು ನಿಲ್ಲಿಸಿಕೊಂಡು ಊರೆಲ್ಲ ಸುತ್ತುವ ಕೆಲಸ. ಒಂದು ಸಲ ಜೋರಾಗಿ ಬ್ರೇಕ್ ಒತ್ತಿದರೆ ಹಿಂದೆ ಚಟಾರೆಂದು ಸದ್ದು, ಮುಂದೆ ಯಜಮಾನನ ಬೈಗುಳ. ಆ ಲಾರಿಯಲ್ಲಿ ಮಾವನ ಕಾಲು ಪಳಗಿತು. ಆಮೇಲೆ ಯಾವ ಗಾಡಿಯಲ್ಲಿ ಕೂತರೂ ಅದೇ ನಡೆ. "ಆಕ್ಸಿಲರೇಟರ್ ತುಳಿಯೋದಲ್ಲ ಪುಟ್ಟಿ. ಅದರ ಮೇಲೆ ಕಾಲು ಇಟ್ಟಿರೋದು, ಅಷ್ಟೆ" ಎಂದು ನನಗೆ ಹೇಳಿಕೊಟ್ಟರು. ನಾನು ತುಳಿದೇ ಕಲಿತೆ, ಅದು ಬೇರೆ ಮಾತು. ನಡೆಯುವಾಗಲೂ ಅವರದು ಅದೇ ವೇಗ. "ಇವರ ಜೊತೆ ನಡೆಯೋದಕ್ಕಿಂತ ಮುಂದೆ ಹೋಗಿ ಕಾಯ್ತಾ ಕೂರೋದು ವಾಸಿ" ಎಂದು ಅತ್ತೆ ಮದುವೆಯಾದಾಗಿನಿಂದ ಹೇಳುತ್ತಲೇ ಇದ್ದಾರೆ. ಅತ್ತೆಗೆ ಮೊಣಕಾಲು ನೋವು ಬಂದ ಮೇಲೆ ಇಬ್ಬರ ನಡಿಗೆಯೂ ಸರಿಹೋಯಿತು.

ಗಾಜಿನ ಅಂಗಡಿ ಮುಚ್ಚಿದ ಮೇಲೆ ಮಾವ ಒಂದು ಡಯಾಲಿಸಿಸ್ ಕೇಂದ್ರದ ಕಾರಿಗೆ ಸೇರಿದರು. ಕಿಡ್ನಿ ಕೆಟ್ಟವರನ್ನು ಬೆಳಿಗ್ಗೆ ಮನೆಯಿಂದ ಕರೆತರುವುದು, ರಕ್ತ ಶುದ್ಧಿಯಾದ ಮೇಲೆ ಮನೆಗೆ ಬಿಡುವುದು. ಬರುವಾಗ ಮಾತಾಡಿಕೊಂಡು ಬರುವವರು ಹೋಗುವಾಗ ಹಿಂಡಿದ ಬಟ್ಟೆಯಂತಾಗಿರುತ್ತಾರೆ. ಕಾರು ಸ್ವಲ್ಪ ಕುಲುಕಿದರೂ ವಾಂತಿ, ತಲೆಸುತ್ತು. ಅಂಥವರನ್ನು ಮಾವ ಹೊಟ್ಟೆಯಲ್ಲಿನ ನೀರು ಅಲುಗದ ಹಾಗೆ ಮನೆ ಮುಟ್ಟಿಸುತ್ತಿದ್ದರು. ದಿನವೂ ಅದೇ ಕಾರು, ಊರಾಚೆಯ ಅದೇ ನೇರ ರಸ್ತೆ, ಪೆಡಲ್ ಮೇಲೆ ಅದೇ ಜಾಗದಲ್ಲಿ ಕಾಲು. ವರ್ಷಗಟ್ಟಲೆ ಹೀಗೇ ನಡೆಯಿತು. ಟೀಚರಮ್ಮ ಎಂದು ಎಲ್ಲರೂ ಕರೆಯುವ ಒಬ್ಬ ನಿವೃತ್ತ ಶಿಕ್ಷಕಿ, ಮಾವನ ಕಾರಲ್ಲದೆ ಬೇರೆ ಕಾರು ಹತ್ತುವುದಿಲ್ಲ ಎಂದು ಹಟ ಹಿಡಿಯುತ್ತಿದ್ದರಂತೆ.

ಒಂದು ದಿನ ಆ ಟೀಚರಮ್ಮ ಹಿಂದಿನ ಸೀಟಿನಲ್ಲಿದ್ದಾಗಲೇ ಕಾರು ಮುಗ್ಗರಿಸಿತು. ನೆಟ್ಟಗೆ ಹೋಗುತ್ತಿದ್ದದ್ದು ಇದ್ದಕ್ಕಿದ್ದಂತೆ ಸತ್ತ ಹಾಗಾಗಿ, ಮರುಕ್ಷಣ ಮುಂದಕ್ಕೆ ಹಾರಿತು. ಅವರ ಹಣೆ ಮುಂದಿನ ಸೀಟಿಗೆ ಬಡಿದು ಊದಿಕೊಂಡಿತು. ಮಾರನೆಯ ದಿನ ಇನ್ನೊಬ್ಬರಿದ್ದಾಗ ಮತ್ತೆ ಹಾಗೇ ಆಯಿತು. ಆಮೇಲೆ ಅದು ಆಗಾಗ ಆಗತೊಡಗಿತು. ಮಾವ ತಾವೇ ಹೋಗಿ ಮ್ಯಾನೇಜರಿಗೆ ಹೇಳಿದರು. ಕಾರು ಕೇಂದ್ರದ ಗ್ಯಾರೇಜಿಗೆ ಹೋಯಿತು. ಅಲ್ಲಿಯವರು ಸ್ಕ್ಯಾನರ್ ಸಿಕ್ಕಿಸಿದರು. ಕಾರಿನ ಕಂಪ್ಯೂಟರ್ ತನಗೆ ಏನೂ ಆಗಿಲ್ಲ ಎಂದಿತು. ಗ್ಯಾರೇಜಿನವನು ಒಂದು ಸುತ್ತು ಹೊಡೆದು ಬಂದು, "ಗಾಡಿ ಬೆಣ್ಣೆ ಬೆಣ್ಣೆ" ಎಂದ. ಕೇಂದ್ರದ ಇನ್ನೊಬ್ಬ ಡ್ರೈವರ್, ಆಗಷ್ಟೇ ಕೆಲಸಕ್ಕೆ ಸೇರಿದವನು, ಅವನೂ ಓಡಿಸಿ ನೋಡಿದ. ಕಾರು ಮುಗ್ಗರಿಸಲಿಲ್ಲ. ಮಾವ ಕೂತರೆ ಮುಗ್ಗರಿಸುತ್ತದೆ, ಬೇರೆಯವರು ಕೂತರೆ ಇಲ್ಲ. ಇನ್ನೇನು ಬೇಕು ಆ ಮ್ಯಾನೇಜರಿಗೆ? ಗೂಬೆ ಕೂರಿಸಲು ತಲೆ ಸಿಕ್ಕಿತು.

ಆಗ ಅವನು ಮಾಡಿದ ಕೆಲಸ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಸರದಿಗೆ ಕಾಯುವ ರೋಗಿಗಳು ಕೂರುವ ದೊಡ್ಡ ಹಾಲ್ ಒಂದಿದೆ ಅಲ್ಲಿ. ತನ್ನ ಕೋಣೆಗೆ ಕರೆದು ಕೇಳಬಹುದಿತ್ತು. ಅದು ಬಿಟ್ಟು ಹಾಲಿನ ಮಧ್ಯೆ, ಅಷ್ಟೂ ಜನರೆದುರು ಮಾವನನ್ನು ನಿಲ್ಲಿಸಿ, "ಚಪ್ಪಲಿ ಬಿಟ್ಟು ಒಂದು ಕಾಲ ಮೇಲೆ ನಿಲ್ಲಿ, ನೋಡೋಣ" ಎಂದ. ಮಾವ ನಿಂತರು. ಅವರ ವಯಸ್ಸಿಗೆ, ಆ ನುಣುಪು ನೆಲದ ಮೇಲೆ, ಅಷ್ಟು ಕಣ್ಣುಗಳ ನಡುವೆ ಯಾರು ತಾನೇ ಅಲುಗದೆ ನಿಲ್ಲುತ್ತಾರೆ? ಆ ಮ್ಯಾನೇಜರ್ ನಿಂತು ತೋರಿಸಲಿ. "ನೋಡಿ, ಕಾಲು ನಡುಗ್ತಾ ಇದೆ. ಪೇಷಂಟುಗಳ ಜೀವ ನಿಮ್ಮ ಕಾಲಲ್ಲಿರುತ್ತೆ. ನಾಳೆಯಿಂದ ಗೇಟ್ ನೋಡ್ಕೊಳ್ಳಿ" ಎಂದು ಅಲ್ಲೇ ತೀರ್ಪು ಕೊಟ್ಟ. ಅದೇ ಹೊತ್ತಿಗೆ ಹಾಲ್ ದಾಟಿ ಹೋಗುತ್ತಿದ್ದ ಡಾಕ್ಟರನ್ನು ನಿಲ್ಲಿಸಿ ಕೇಳಿದರೆ, ಅವರು ಕಾಲನ್ನು ಮುಟ್ಟಿ ಕೂಡ ನೋಡದೆ, "ವಯಸ್ಸಾಯ್ತಲ್ಲ, ನರದ ವೀಕ್‌ನೆಸ್" ಎಂದು ಮಾತ್ರೆ ಬರೆದುಕೊಟ್ಟರು. ಕಾರಿನ ಕಾಯಿಲೆಗೆ ಮಾವನಿಗೆ ಮಾತ್ರೆ! ಇದನ್ನೆಲ್ಲ ಟೀಚರಮ್ಮ ಆಮೇಲೆ ನನಗೆ ಹೇಳಿದರು. ಹೇಳುವಾಗ ಅವರ ದನಿಯೂ ಗಡಸಾಗಿತ್ತು.

ಮಾವ ಮನೆಯಲ್ಲಿ, ಗೇಟಿನ ಕೆಲಸ ಆರಾಮು, ಕೂತೇ ಇರಬಹುದು ಎಂದರಂತೆ. ನಾನೂ ಹೌದೆಂದುಕೊಂಡೆ. ಒಂದು ಭಾನುವಾರ ಅತ್ತೆಯನ್ನು ನೋಡಿ ಬರೋಣವೆಂದು ಹೋದಾಗ ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಮಾವ ಮಂಚದ ಅಂಚಿನಲ್ಲಿ ಕೂತಿದ್ದರು. ಪಂಚೆಯನ್ನು ಮೊಣಕಾಲಿಗೆ ಎತ್ತಿಕೊಂಡು, ಮಡಿಸಿದ ಟವೆಲ್ಲಿನ ಮೇಲೆ ಬಲಗಾಲು ಇಟ್ಟು, ಮೆಲ್ಲಗೆ ಒತ್ತುತ್ತಿದ್ದರು. ಬಿಡುತ್ತಿದ್ದರು. ಮತ್ತೆ ಒತ್ತುತ್ತಿದ್ದರು. ಹಾಗೆ ಒತ್ತುವಾಗೆಲ್ಲ ಬಗ್ಗಿ ಕಾಲಿನ ಬೆರಳುಗಳನ್ನೇ ನೋಡುತ್ತಿದ್ದರು.

"ಏನು ಮಾವ ಇದು?" ಎಂದೆ.

ಅವರು ಗಡಿಬಿಡಿಯಲ್ಲಿ ಪಂಚೆ ಇಳಿಸಿಕೊಂಡರು. "ಏನಿಲ್ಲ, ಸ್ವಲ್ಪ ವ್ಯಾಯಾಮ."

ಅತ್ತೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಎಲ್ಲವನ್ನೂ ಒದರಿದರು. "ಹೊತ್ತಿಲ್ಲ ಗೊತ್ತಿಲ್ಲ, ಇದೇ ಕೆಲಸ. ನಡುಗ್ತಾ ಇದೆಯಾ ನೋಡು ಅಂತ ನನ್ನೂ ಕೇಳ್ತಾರೆ. ನನ್ನ ಕಣ್ಣಿಗೆ ಏನೂ ಕಾಣಲ್ಲ. ಹಾಗಂದ್ರೆ ನಿನ್ನ ಕಣ್ಣೂ ಹೋಗಿದೆ ಅಂತಾರೆ. ಆ ಮಾತ್ರೆ ನುಂಗಿ ಹಗಲೆಲ್ಲ ತೂಕಡಿಸ್ತಾರೆ. ಲೈಸೆನ್ಸ್ ರಿನ್ಯೂ ಮಾಡಿಸಲ್ವಂತೆ. ನನ್ನಿಂದ ಯಾರಿಗಾದ್ರೂ ಏನಾದ್ರೂ ಆದ್ರೆ ಏನು ಗತಿ ಅಂತಾರೆ."

ನಾನು ಕೋಣೆಗೆ ವಾಪಸ್ ಬಂದೆ. "ನನ್ನ ಹತ್ರ ಯಾಕೆ ಬರ್ಲಿಲ್ಲ ಮಾವ? ಊರಿನ ಕಾರುಗಳೆಲ್ಲ ನನ್ನ ಅಂಗಡಿಗೆ ಬರ್ತಾವೆ, ನಿಮ್ಮದೊಂದು ಭಾರ ಆಗ್ತಿತ್ತಾ?"

"ನೀನು ಹೋಗಿ ಜಗಳ ತೆಗೀತೀಯ ಅಂತ ಗೊತ್ತಿತ್ತು."

"ತೆಗೀತೀನಿ. ತಪ್ಪೇನು?"

"ಜಗಳಕ್ಕೆ ಕಾರಣ ಬೇಕಲ್ಲ ಪುಟ್ಟಿ. ಬೇರೆಯವರು ಓಡಿಸಿದ್ರೆ ಗಾಡಿ ಚೆನ್ನಾಗೇ ಹೋಗುತ್ತೆ. ನಾನು ಕೂತ್ರೆ ಮಾತ್ರ ಹಾಗಾಗುತ್ತೆ. ಅದನ್ನ ನಾನೇ ಕಣ್ಣಾರೆ ನೋಡಿದೀನಿ."

ಆಗ ನನ್ನಲ್ಲಿ ಇದ್ದದ್ದು ಸಿಟ್ಟು ಮಾತ್ರ. ಯಾವ ಮನುಷ್ಯ ತನ್ನ ಕೈಯಾರೆ ಗಾಜನ್ನು ಬಿರುಕಿಲ್ಲದೆ ಸಾಗಿಸಿದನೋ, ರೋಗಿಗಳನ್ನು ಹೂವಿನ ಹಾಗೆ ಮನೆಗೆ ತಲುಪಿಸಿದನೋ, ಆ ಮನುಷ್ಯನನ್ನು ತನ್ನ ಕಾಲಿಗೇ ಕಾವಲು ಕೂರಿಸಿಬಿಟ್ಟಿದ್ದರು.

ಮರುದಿನ ಅಂಗಡಿಗೆ ಬೀಗ ಹಾಕಿ, ಮೀಟರುಗಳ ಚೀಲ ಹೆಗಲಿಗೇರಿಸಿ ಕೇಂದ್ರಕ್ಕೆ ಹೋದೆ. ಗೇಟಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮಾವ. ನನ್ನನ್ನು ನೋಡಿ ಮುಖ ಬಿಳಿಚಿತು. ನಾನು ನಿಲ್ಲದೆ ಒಳಗೆ ಹೋಗಿ, ಕಾರನ್ನು ಒಂದು ಸಲ ಪರೀಕ್ಷಿಸಲು ಬಿಡಿ ಎಂದು ಮ್ಯಾನೇಜರನ್ನು ಕೇಳಿದೆ. ಸಾಧ್ಯವಾದಷ್ಟು ಮೆತ್ತಗೇ ಕೇಳಿದೆ.

"ಸ್ಕ್ಯಾನರಿಗೇ ಸಿಗದೆ ಇದ್ದದ್ದು ನಿಮಗೇನಮ್ಮ ಸಿಗುತ್ತೆ?" ಎಂದ ಆತ.

"ಸಿಗದಿದ್ರೆ ನಾನು ಬಾಯಿ ಮುಚ್ಕೊಂಡು ಹೋಗ್ತೀನಿ. ಅದು ನಿಮಗೂ ಲಾಭ ಅಲ್ವಾ?"

ಆ ಲಾಭ ಅವನಿಗೆ ಹಿಡಿಸಿತೆಂದು ಕಾಣುತ್ತದೆ. ಹೊಸ ಡ್ರೈವರನಿಂದ ಕೀ ಕೊಡಿಸಿದ. ಹೊಸ ಡ್ರೈವರ್ ಒಳ್ಳೆಯವನೇ. ಬಾನೆಟ್ ಎತ್ತಿ ಹಿಡಿದುಕೊಂಡು, "ನಾನು ಓಡಿಸಿದಾಗ ಏನೂ ಆಗಲ್ಲ ಅಕ್ಕ. ಹೊರಟ್ರೆ ಒಂದೇ ಉಸಿರಿಗೆ ಮನೆ ಮುಟ್ಟಿಸಿಬಿಡ್ತೀನಿ" ಎಂದ. ಪಕ್ಕದಲ್ಲಿದ್ದ ಆಯಾ, "ಮುಟ್ಟಿದ ಮೇಲೆ ಒಳಗೆಲ್ಲ ತೊಳೆಯೋಳು ನಾನು" ಎಂದು ಗೊಣಗಿದಳು.

ಕಾರಿನ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿಗೆ ಗಾಳಿ ಬಿಡುವ ಒಂದು ಪುಟ್ಟ ಬಾಗಿಲು ತೆರೆಯುತ್ತದೆ. ಅದಕ್ಕೆ ಥ್ರಾಟಲ್ ಎನ್ನುತ್ತಾರೆ. ಬಾಗಿಲು ಎಷ್ಟು ತೆರೆದಿದೆ ಎಂದು ಕಂಪ್ಯೂಟರಿಗೆ ಸುದ್ದಿ ಮುಟ್ಟಿಸಲು ಪಕ್ಕದಲ್ಲೇ ಒಂದು ಸೆನ್ಸರ್ ಇರುತ್ತದೆ. ಅದಕ್ಕೆ ಮೂರು ವೈರು. ಒಂದರಲ್ಲಿ ಐದು ವೋಲ್ಟ್ ಬರುತ್ತದೆ, ಒಂದು ಅರ್ತ್, ಇನ್ನೊಂದು ಸುದ್ದಿ ಒಯ್ಯುವುದು. ನನ್ನ ಗುಮಾನಿ ಇದ್ದದ್ದು ಇಲ್ಲೇ. ಕೀ ತಿರುಗಿಸಿ, ಎಂಜಿನ್ ಆನ್ ಮಾಡದೆ, ಒಂದೊಂದೇ ವೈರಿಗೆ ಮೀಟರಿನ ಸೂಜಿ ಚುಚ್ಚಿದೆ. ಐದು ವೋಲ್ಟ್ ಸರಿಯಾಗಿ ಬರುತ್ತಿತ್ತು. ಅರ್ತ್ ಸರಿಯಾಗಿತ್ತು. ವೈರುಗಳನ್ನು ಹಿಡಿದು ಅಲುಗಿಸಿದೆ, ಬಗ್ಗಿಸಿದೆ, ಎಳೆದೆ. ಒಂದೂ ಜಗ್ಗಲಿಲ್ಲ. ಉಳಿದದ್ದು ಸುದ್ದಿಯ ವೈರು. ಮೀಟರನ್ನು ಅದಕ್ಕೆ ಸಿಕ್ಕಿಸಿ, ಹೊಸ ಡ್ರೈವರನಿಗೆ ಪೆಡಲ್ ಒತ್ತಲು ಹೇಳಿದೆ. ಒತ್ತಿದ. ವೋಲ್ಟ್ ಸರ್ರನೆ ಏರಿತು, ಸರ್ರನೆ ಇಳಿಯಿತು. ಮತ್ತೆ ಒತ್ತಿಸಿದೆ. ಮತ್ತೂ ಹಾಗೇ. ಎಲ್ಲೂ ಒಂದು ಎಳೆಯಷ್ಟೂ ದೋಷವಿಲ್ಲ.

ಮ್ಯಾನೇಜರ್ ಮೆಟ್ಟಿಲ ಮೇಲೆ ನಿಂತು ಚಹಾ ಹೀರುತ್ತಿದ್ದ. "ಆಯ್ತಾಮ್ಮ?" ಎಂದ. ಆ ದನಿ ಕೇಳಿ ಚಹಾ ಅವನ ತಲೆಯ ಮೇಲೆ ಸುರಿಯಬೇಕೆನ್ನಿಸಿತು. ಆದರೆ ನನ್ನ ಕೈಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಹಾಗೆ ನಿಂತಿದ್ದಾಗಲೇ ನನಗೆ ಹೊಳೆದದ್ದು. ಈ ಪೆಡಲನ್ನು ಇಲ್ಲಿಯವರೆಗೆ ಒತ್ತಿ ನೋಡಿದವರೆಲ್ಲ ತಮ್ಮ ತಮ್ಮ ರೀತಿಯಲ್ಲಿ ಒತ್ತಿದ್ದರು. ಮಾವನ ರೀತಿಯಲ್ಲಿ ಒಬ್ಬರೂ ಒತ್ತಿರಲಿಲ್ಲ. ಚೀಲದಿಂದ ಹಳೆಯ ಮುಳ್ಳಿನ ಮೀಟರ್ ತೆಗೆದೆ. ಅಂಕಿ ತೋರಿಸುವ ಮೀಟರ್ ಒಂದು ಕ್ಷಣ ತಡೆದು ತೋರಿಸುತ್ತದೆ, ಮುಳ್ಳು ಮಾತ್ರ ಆದದ್ದನ್ನು ಆದಾಗಲೇ ತೋರಿಸಿಬಿಡುತ್ತದೆ. ಗೇಟಿನ ಕಡೆ ನೋಡಿ ಮಾವನನ್ನು ಕರೆದೆ.

ಬರಲು ಒಪ್ಪಲಿಲ್ಲ. "ನನ್ನ ಕಾಲು ಬೇಡ ಪುಟ್ಟಿ. ಸುಮ್ಮನೆ ಇನ್ನೊಂದು ಸಲ ಎಲ್ಲರೆದುರು…" ಎಂದು ಅಲ್ಲೇ ನಿಲ್ಲಿಸಿದರು.

"ನಿಮ್ಮ ಕಾಲೇ ಬೇಕು. ಇಷ್ಟು ದಿನ ನಾನು ಏನಾದ್ರೂ ಕೇಳಿದೀನಾ ನಿಮ್ಮನ್ನ?"

ಸಣ್ಣವಳಿದ್ದಾಗಿನಿಂದ ಕೇಳದೆ ಬಿಟ್ಟದ್ದೇ ಇಲ್ಲ. ಆದರೂ ಆ ಮಾತಿಗೆ ಅವರು ಎದ್ದು ಬಂದರು. ಚಪ್ಪಲಿ ಬಿಟ್ಟು ಸೀಟಿನಲ್ಲಿ ಕೂತು, ಪೆಡಲ್ ಮೇಲೆ ಕಾಲಿಟ್ಟರು. ಮುಳ್ಳು ಮೆಲ್ಲಗೆ ಏರತೊಡಗಿತು. ಒಂದು ಜಾಗಕ್ಕೆ ಬಂದು ಮಾವನ ಕಾಲು ನಿಂತಿತು, ಅವರು ದಿನವೂ ನಿಲ್ಲಿಸುತ್ತಿದ್ದ ಜಾಗ. ಆ ಕ್ಷಣಕ್ಕೆ ಮುಳ್ಳು ಕೆಳಗೆ ಬಿತ್ತು. ಸೊನ್ನೆಗೆ. ಮತ್ತೆ ಎದ್ದಿತು, ಮತ್ತೆ ಬಿತ್ತು. ನಾನು ಬಗ್ಗಿ ಅವರ ಪಾದ ನೋಡಿದೆ. ಕಲ್ಲಿನ ಹಾಗೆ ನಿಂತಿತ್ತು.

"ಮಾವ, ಕಾಲು ತೆಗೀರಿ. ಕೆಳಗಿಳೀರಿ."

ಅವರು ಇಳಿದರು. ಕಾರಿನೊಳಗೆ ಈಗ ಯಾರೂ ಇರಲಿಲ್ಲ. ನಾನು ಬಾನೆಟ್ಟಿನ ಕೆಳಗೆ ಕೈ ಹಾಕಿ, ಆ ಪುಟ್ಟ ಬಾಗಿಲಿನ ಕೇಬಲನ್ನು ಬೆರಳಲ್ಲಿ ಹಿಡಿದು ಅದೇ ಜಾಗಕ್ಕೆ ಎಳೆದೆ. ಮುಳ್ಳು ಬಿತ್ತು. ಆಚೆ ಎಳೆದರೆ ಸರಿ, ಈಚೆ ಬಿಟ್ಟರೆ ಸರಿ. ಅದೊಂದೇ ಜಾಗದಲ್ಲಿ ಸುದ್ದಿ ಕಡಿದುಹೋಗುತ್ತಿತ್ತು.

ಸೆನ್ಸರಿನ ಒಳಗೆ ಒಂದು ಕಪ್ಪು ಪಟ್ಟಿ ಇರುತ್ತದೆ. ಪೆಡಲ್ ಒತ್ತಿದಂತೆ ಅದರ ಮೇಲೆ ಒಂದು ಸಣ್ಣ ತಂತಿಯ ಬೆರಳು ಸವರುತ್ತ ಹೋಗುತ್ತದೆ. ಮಾವ ವರ್ಷಗಟ್ಟಲೆ ಒಂದೇ ಹದದಲ್ಲಿ ಓಡಿಸಿದ್ದಕ್ಕೆ ಆ ಬೆರಳು ಒಂದೇ ಜಾಗದಲ್ಲಿ ಸವರಿ ಸವರಿ ಪಟ್ಟಿ ಅಲ್ಲಿ ಮಾತ್ರ ಸವೆದಿತ್ತು. ಬೆರಳು ಅಲ್ಲಿ ಬಂದು ನಿಂತರೆ, ಡ್ರೈವರ್ ಪೂರ್ತಿ ಕಾಲು ತೆಗೆದ ಎಂದು ಕಂಪ್ಯೂಟರ್ ತಿಳಿದು ಪೆಟ್ರೋಲ್ ಕಡಿಯುತ್ತದೆ. ಸುದ್ದಿ ಮತ್ತೆ ಬಂದೊಡನೆ ಕಾರು ಹಾರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುವ ಈ ಆಟ ಕಂಪ್ಯೂಟರಿನ ನೆನಪಿಗೂ ಸಿಗುವುದಿಲ್ಲ, ಹಾಗಾಗಿ ಸ್ಕ್ಯಾನರಿನಲ್ಲೂ ಕಾಣುವುದಿಲ್ಲ. ತುಳಿದು ಓಡಿಸುವವರು ಆ ಜಾಗವನ್ನು ಹಾರಿಕೊಂಡೇ ಹೋಗುತ್ತಾರೆ. ಅಲ್ಲಿ ಹೋಗಿ ನಿಲ್ಲುವ ಕಾಲು ಇಡೀ ಕೇಂದ್ರದಲ್ಲಿ ಒಂದೇ ಇತ್ತು. ಅದು ನಡುಗದ ಕಾಲಾದ್ದರಿಂದಲೇ ಅಲ್ಲಿ ನಿಲ್ಲುತ್ತಿತ್ತು. ಅದಕ್ಕೇ ಇವರು ನಡುಗುವ ಕಾಲು ಎಂದು ಹೆಸರಿಟ್ಟರು.

ಇದನ್ನೆಲ್ಲ ನಾನು ಮ್ಯಾನೇಜರಿಗೆ ಹೇಳಿದೆ. ಈ ಸಲ ಮೆತ್ತಗಲ್ಲ. ಅವನನ್ನೇ ಮೆಟ್ಟಿಲಿಂದ ಇಳಿಸಿ, ಅವನ ಕೈಯಿಂದಲೇ ಕೇಬಲ್ ಎಳೆಸಿದೆ. ಮುಳ್ಳು ಬಿದ್ದದ್ದನ್ನು ಅವನು ನೋಡಿದ. ಬೆರಳಿಗೆ ಹತ್ತಿದ ಮಸಿಯನ್ನು ಕರವಸ್ತ್ರಕ್ಕೆ ಒರೆಸಿಕೊಂಡು, "ಓ. ಹಾಗಾದ್ರೆ ಪಾರ್ಟು ಹೋಗಿದೆ" ಎಂದ. ಆಮೇಲೆ ಮಾವನ ಕಡೆ ತಿರುಗಿ, "ಹೊಸದು ಹಾಕ್ಸೋಣ. ಹಾಕ್ಸಿದ ಮೇಲೆ ನೀವೇ ಓಡಿಸಿ, ಆಯ್ತಾ? ಗೇಟಿಗೆ ಬೇರೆಯವರನ್ನ ನೋಡ್ತೀನಿ" ಎಂದು ಕೀ ಚಾಚಿದ. ಇಷ್ಟೇ. ಏನೋ ಬಹುಮಾನ ಕೊಡುವವನ ಹಾಗೆ.

ನನ್ನ ಬಾಯಿ ತೆರೆದೇ ಇತ್ತು. ಹೇಳಬೇಕಾದದ್ದೆಲ್ಲ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆದರೆ ಮಾವ ಕೀಗೆ ಕೈ ಚಾಚಲಿಲ್ಲ.

"ಒಳಗೆ ಬನ್ನಿ ಸಾರ್" ಎಂದರು.

"ಯಾಕೆ?"

"ಹಾಲಲ್ಲಿ ಹೇಳಿ."

ಮ್ಯಾನೇಜರ್ ನಕ್ಕ. "ಅಯ್ಯೋ, ಅದೇನು ದೊಡ್ಡ ವಿಷಯ ಬಿಡಿ. ನಿಮ್ಮ ಕೆಲಸ ನಿಮಗೆ ಸಿಕ್ತಲ್ಲ."

"ಅಲ್ಲೇ ಹೇಳಿದ್ರಿ, ಅಲ್ಲೇ ಹೇಳಿ" ಎಂದರು ಮಾವ. ದನಿ ಏರಿಸಲಿಲ್ಲ. ಆದರೆ ದಾರಿಯನ್ನೂ ಬಿಡಲಿಲ್ಲ. ಅವನೆದುರು ನಿಂತೇ ಇದ್ದರು. ಮಾವ ಒಬ್ಬರಿಗೆ ಹೀಗೆ ಅಡ್ಡ ನಿಂತದ್ದನ್ನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಜಗಳಗಂಟಿಯಾದ ನನಗೇ ಒಂದು ಕ್ಷಣ ಭಯವಾಗಿ, ಕೆಲಸ ಕೈ ತಪ್ಪೀತೆಂದು, "ಹೋಗ್ಲಿ ಬಿಡಿ ಮಾವ, ಕೀ ತಗೊಳ್ಳಿ" ಎಂದುಬಿಟ್ಟೆ. ಅವರು ನನ್ನ ಕಡೆ ನೋಡಲೂ ಇಲ್ಲ.

ಕೊನೆಗೆ ಮ್ಯಾನೇಜರ್ ಹಾಲಿನೊಳಕ್ಕೆ ನಡೆದ. ಕುರ್ಚಿಗಳೆಲ್ಲ ತುಂಬಿದ್ದವು. ಟೀಚರಮ್ಮ ಕಿಟಕಿಯ ಪಕ್ಕ ಕೂತಿದ್ದರು. ಮ್ಯಾನೇಜರ್ ಬಾಗಿಲ ಬಳಿಯೇ ನಿಂತು, ಯಾರ ಮುಖವನ್ನೂ ನೋಡದೆ, "ಗಾಡಿದೇ ಏನೋ ಪ್ರಾಬ್ಲಂ ಇತ್ತು, ಈಗ ಸಿಕ್ಕಿದೆ" ಎಂದು ಹಿಂದಿರುಗಲು ನೋಡಿದ.

"ಕೊನೇ ಕುರ್ಚಿಯವರಿಗೆ ಕಿವಿ ಮಂದ ಸಾರ್" ಎಂದರು ಮಾವ. "ಅವತ್ತು ಅವರಿಗೂ ಕೇಳೋ ಹಾಗೆ ಹೇಳಿದ್ರಿ."

ಮ್ಯಾನೇಜರ್ ಕೆಂಪಾದ. ಗಂಟಲು ಸರಿಮಾಡಿಕೊಂಡು ಜೋರಾಗಿ, "ಇವರ ಕಾಲಲ್ಲಿ ಏನೂ ದೋಷ ಇಲ್ಲ. ದೋಷ ಗಾಡೀಲಿತ್ತು" ಎಂದ.

ಟೀಚರಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತು, ತರಗತಿಯಲ್ಲಿ ಕೇಳುವ ಹಾಗೆ, "ತಪ್ಪಾಯ್ತು ಅಂತ ಯಾರು ಹೇಳ್ತಾರಪ್ಪ?" ಎಂದರು.

ಮ್ಯಾನೇಜರ್ ಬಾಯಿ ತೆರೆಯುವಷ್ಟರಲ್ಲಿ ಮಾವನೇ ಮಾತಾಡಿದರು.

"ಬೇಡಮ್ಮ. ಅವರು ಹೇಳಿದ್ರು, ಅಷ್ಟೆ. ಅವರಿಗೆ ನನ್ನ ಕಾಲಿನ ಪರಿಚಯ ಎಷ್ಟಿದ್ದೀತು. ನಾನಲ್ವಾ ಅವರ ಮಾತನ್ನ ನಂಬಿದ್ದು? ಹುಟ್ಟಿದಾಗಿಂದ ಜೊತೇಲಿರೋ ಕಾಲು. ಒಂದು ದಿನಾನೂ ನನ್ನನ್ನ ಕೈ ಬಿಟ್ಟಿರಲಿಲ್ಲ. ಯಾರೋ ಒಂದು ಮಾತು ಅಂದ ತಕ್ಷಣ ನಾನು ಅದರ ಕೈ ಬಿಟ್ಟೆ."

ಅವರ ಕಣ್ಣು ತುಂಬಿತ್ತು. ಒರೆಸಿಕೊಳ್ಳಲಿಲ್ಲ. ಮ್ಯಾನೇಜರ್ ಕೀ ಹಿಡಿದುಕೊಂಡೇ ನಿಂತಿದ್ದ. ಅವನ ಬೆರಳುಗಳಿಂದ ಅದನ್ನು ಬಿಡಿಸಿಕೊಂಡು ಮಾವ ಹೊರಗೆ ನಡೆದರು. ನಾನು ಮೀಟರ್ ಸುತ್ತಿ ಚೀಲಕ್ಕೆ ಹಾಕಿಕೊಂಡು ಹಿಂದೆ ಹೋದೆ. ಇಷ್ಟು ದಿನ ಕೂಡಿಟ್ಟುಕೊಂಡಿದ್ದ ಬೈಗುಳ ಒಂದೂ ಬಾಯಿಗೆ ಬರಲಿಲ್ಲ. ಯಾರನ್ನು ಬೈದರೂ ಮಾವನಿಂದ ಕಿತ್ತುಕೊಂಡದ್ದು ವಾಪಸ್ ಬರುವ ಹಾಗೆ ಕಾಣಲಿಲ್ಲ.